ತಡವನ್ನು ಅಳೆದ ದಿನಗಳು

ವರ್ಷಕ್ಕೊಮ್ಮೆ ನನಗೆ ಅಟ್ಟ ಚೊಕ್ಕ ಮಾಡುವ ಹುಮ್ಮಸ್ಸು ಬರುತ್ತದೆ. ಅರ್ಧ ದಿನದಲ್ಲಿ ಇಳಿದೂ ಹೋಗುತ್ತದೆ. ಈ ಭಾನುವಾರ ಅದು ಇಳಿಯುವ ಮೊದಲೇ ಒಂದು ರಟ್ಟಿನ ಡಬ್ಬಿಯ ತಳದಲ್ಲಿ ನೀಲಿ ನೆಟ್‌ವರ್ಕ್ ಕೇಬಲ್ಲಿನ ಸುರುಳಿ ಸಿಕ್ಕಿತು. ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕೆಂಪಾಯಿತು. ಬಳ್ಳಾರಿಯಲ್ಲಿ ಆ ವರ್ಷಗಳನ್ನು ಕಳೆದವರಿಗೆ ಈ ಕೆಂಪು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣದ ಅದಿರೆಲ್ಲ ಲಾರಿ ಹತ್ತಿ ಬಂದರಿನ ದಾರಿ ಹಿಡಿಯಿತು. ನಮ್ಮ ಪಾಲಿಗೆ ಉಳಿದದ್ದು ಈ ಪುಡಿ.

"ಇದನ್ನ ಎಸೀಲೇನು?" ಎಂದು ಮಗಳನ್ನು ಕೇಳಿದೆ.

ಅವಳು ಕಿಟಕಿಯ ಪಕ್ಕ ಕಾಲು ಚಾಚಿ ಕುಳಿತಿದ್ದಳು. ಕಿವಿಯಲ್ಲಿ ಇಯರ್‌ಫೋನು, ಮಡಿಲಲ್ಲಿ ಪುಸ್ತಕ. ಉತ್ತರವಿಲ್ಲ. ಬೇರೆ ದಿನವಾಗಿದ್ದರೆ "ಬಾಯಿಲ್ಲೇನು ನಿನಗ" ಎಂದು ಶುರು ಮಾಡಿ, ಮೊಬೈಲಿನವರೆಗೆ ಹೋಗಿ, ನಮ್ಮ ಕಾಲದ ಹುಡುಗಿಯರು ಹೇಗಿದ್ದರು ಎಂಬಲ್ಲಿಗೆ ಮುಗಿಸುತ್ತಿದ್ದೆ. ಆದರೆ ಕೈಯಲ್ಲಿ ಆ ಕೇಬಲ್ಲಿತ್ತು. ಅದನ್ನು ಹಿಡಿದುಕೊಂಡು, ಉತ್ತರ ಬರಲಿಲ್ಲವೆಂದು ಯಾರನ್ನಾದರೂ ಬಯ್ಯಲು ನನಗೆ ನಾಚಿಕೆಯಾಯಿತು. ಯಾಕೆಂದು ಹೇಳುತ್ತೇನೆ. ಪುರಸೊತ್ತಿದ್ದರೆ ನೀವೂ ಇಲ್ಲೇ ಕುಳಿತುಕೊಳ್ಳಿ, ಧೂಳು ಒರೆಸಿದ ಜಾಗ ಇದೊಂದೇ.

ಅದಿರಿನ ಭರಾಟೆಯ ಆ ಕಾಲದಲ್ಲಿ ಊರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಎಷ್ಟು ಹೋಯಿತು? ಎಷ್ಟು ಲಾರಿ, ಎಷ್ಟು ಟ್ರಿಪ್ಪು, ಎಷ್ಟು ಟನ್ನು. ಹೋಟೆಲಿನಲ್ಲಿ ಪಕ್ಕದ ಮೇಜಿನವರ ಮಾತೂ ಅದೇ, ಮದುವೆ ಮನೆಯ ಪಂಕ್ತಿಯ ಮಾತೂ ಅದೇ. ಎಷ್ಟು ತಡವಾಯಿತು ಎಂದು ಕೇಳಿದವರನ್ನು ನಾನು ಕಂಡಿಲ್ಲ, ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡ ಬಸ್ಸಿನವರನ್ನು ಬಿಟ್ಟರೆ. ಅಂಥ ಊರಿನಲ್ಲಿ ನಾನು ಎಂ.ಟೆಕ್. ಮಾಡಲು ಆರಿಸಿಕೊಂಡ ವಿಷಯ, ಬೇರೆ ಬೇರೆ ದಟ್ಟಣೆ ನಿಯಂತ್ರಣ ವಿಧಾನಗಳಲ್ಲಿ ನೆಟ್‌ವರ್ಕಿನ ಸಾಗಣೆ ಎಷ್ಟು, ವಿಳಂಬ ಎಷ್ಟು ಎಂಬ ಅಳತೆ. ಇದನ್ನು ಅಮ್ಮನಿಗೆ ಆದಷ್ಟು ಸರಳ ಮಾಡಿ ಹೇಳಿದ್ದೆ.

"ಮಂದಿ ಮಕ್ಕಳು ಕಂಪ್ಯೂಟರಿನಾಗ ಏನೇನೋ ಕಟ್ಟತಾರ. ನೀನು ತಡ ಅಳಿಯಾಕ ಇಷ್ಟು ಓದಬೇಕಾತೇನು? ನಿಮ್ಮಪ್ಪ ಊಟಕ್ಕ ಬರೋ ತಡಾನ ನಾ ದಿನಾ ಅಳಿತೀನಿ," ಎಂದು ಅಮ್ಮ ಒಲೆಯ ಕಡೆ ತಿರುಗಿದಳು.

ನನ್ನ ಜೊತೆಗಾತಿ ಶಮಶಾದ್. ಸಿರುಗುಪ್ಪದಲ್ಲಿ ಗಾದಿ ಹೊಲಿಯುವ ಅಂಗಡಿಯವರ ಹಿರಿಯ ಮಗಳು. ಮನೆಯಲ್ಲೂ ಕನ್ನಡವನ್ನೇ ಆಡುತ್ತಿದ್ದ ಜನ. ಲ್ಯಾಬಿನಲ್ಲಿ ನಾನು ಕೀಲಿಮಣೆ ಮುಟ್ಟುವ ಮೊದಲು ಹತ್ತು ಸಲ ಯೋಚಿಸುತ್ತಿದ್ದೆ. ಅವಳು ಮೊದಲು ಮುಟ್ಟಿ ಆಮೇಲೆ ಯೋಚಿಸುತ್ತಿದ್ದಳು. ಇಬ್ಬರೂ ಸೇರಿದರೆ ಒಬ್ಬಳು ಸರಿಯಾದ ಎಂಜಿನಿಯರ್ ಆಗುತ್ತಾಳೆ ಎಂದು ಅವಳೇ ನಗುತ್ತಿದ್ದಳು.

ನಮ್ಮ ಕಾಲೇಜು ಆಗ ಸಿರುಗುಪ್ಪದ ಪಿಯುಸಿ ಹುಡುಗಿಯರಿಗೆ ಬಳ್ಳಾರಿಯಿಂದಲೇ ಗಣಿತದ ಪಾಠ ಕಳಿಸುತ್ತಿತ್ತು. ಅಲ್ಲಿ ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ಇಲ್ಲಿ ಸರೋಜಮ್ಮ ಮೇಡಂ ಹಲಗೆಯ ಮುಂದೆ ನಿಂತರೆ ಅಲ್ಲಿ ಪರದೆಯ ಮೇಲೆ ಕಾಣುವರು. ಅಲ್ಲಿಯ ಹುಡುಗಿಯರು ಮೈಕಿನಲ್ಲಿ ಮಾತಾಡಿದರೆ ಇಲ್ಲಿ ಸ್ಪೀಕರಿನಲ್ಲಿ ಕೇಳಬೇಕು. ನಡುವೆ ಕುರುಗೋಡಿನ ಗುಡ್ಡದ ಮೇಲೆ ಸಿಗ್ನಲ್ ದಾಟಿಸುವ ಒಂದು ಕಂಬ. ಅದಕ್ಕೆ ಜಾಗ, ಕರೆಂಟು ಕೊಟ್ಟವರು ಅಲ್ಲಿದ್ದ ಅದಿರು ತೂಕದ ಕಟ್ಟೆಯವರು. ಪ್ರತಿಯಾಗಿ ಅವರೂ ಅದೇ ಲೈನಿನಲ್ಲಿ ತೂಗಿದ ಪ್ರತಿ ಲಾರಿಯ ಫೋಟೋವನ್ನು ಬಳ್ಳಾರಿಯ ಗಾಂಧಿನಗರದ ತಮ್ಮ ಆಫೀಸಿಗೆ ಕಳಿಸುತ್ತಿದ್ದರು.

ಸರೋಜಮ್ಮ ಮೇಡಂ ರೂಪನಗುಡಿ ಕಡೆಯವರು, ಪಾಠದಲ್ಲಿ ಎತ್ತಿದ ಕೈ. ಪ್ರತಿ ಲೆಕ್ಕದ ಕೊನೆಗೆ "ತಿಳೀತೇನ್ರಮ್ಮಾ?" ಎಂದು ಕೇಳುವರು, ಒಂದು ಕ್ಷಣ ಪರದೆ ನೋಡುವರು. ಅಲ್ಲಿಂದ ಸದ್ದಿಲ್ಲ. ಮುಂದಕ್ಕೆ ಹೋಗುವರು. ಪರೀಕ್ಷೆ ಇಟ್ಟರೆ ಅಲ್ಲಿಯ ಮಕ್ಕಳಿಗೆ ಏನೂ ಬಂದಿರಲಿಲ್ಲ. ಕೊನೆಗೊಂದು ದಿನ ಅವರು ಪ್ರಿನ್ಸಿಪಾಲರ ಮುಂದೆ ಹೇಳಿಬಿಟ್ಟರು: "ಅವು ಬಾಯೇ ಬಿಡಂಗಿಲ್ರಿ ಸರ್. ಗೋಡಿಗೆ ಪಾಠ ಹೇಳಿದಂಗ ಆಗೇತಿ." ತಿಂಗಳ ಕೊನೆಗೆ ಪಾಠ ನಿಲ್ಲಿಸುವುದೆಂದು ಮಾತಾಯಿತು.

ಆ ಗೋಡೆಗಳಲ್ಲೊಬ್ಬಳು ನಾಜನೀನ್, ಶಮಶಾದಳ ತಂಗಿ. ಆ ವಾರ ಊರಿಗೆ ಹೋದ ಶಮಶಾದ್ ಅವಳನ್ನು ಕೂರಿಸಿ ಬಯ್ದಳಂತೆ. ತಂಗಿ ಅಳುತ್ತ ಅಂದಳಂತೆ: "ನಾವು ಹೇಳ್ತೀವಿ ಆಪಾ. ತಿಳಿಲಿಲ್ರಿ ಅಂತ ದಿನಾ ಹೇಳ್ತೀವಿ. ಅವರು ಕೇಳಂಗೇ ಇಲ್ಲ, ಮುಂದ ಹೋಗಿಬಿಡ್ತಾರ."

ಶಮಶಾದ್ ಮರುದಿನ ಅಲ್ಲೇ ಉಳಿದಳು. ಪಾಠ ಶುರುವಾದಾಗ ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಮೊಬೈಲಿನಿಂದ ನನಗೆ ಕರೆ ಮಾಡಿದಳು. "ಲೇ, ಫೋನ್ ಕಿವಿಗಿಟ್ಕಂಡು ಮೇಡಂ ಹಿಂದ ಕುಂದ್ರು. ಏನೂ ಮಾತಾಡಬ್ಯಾಡ, ಬರೇ ಕೇಳು." ಕುಳಿತೆ. ಮೇಡಂ ಲೆಕ್ಕ ಮುಗಿಸಿ "ತಿಳೀತೇನ್ರಮ್ಮಾ?" ಎಂದರು. ನನ್ನ ಕಿವಿಯಲ್ಲಿ, ಫೋನಿನೊಳಗೆ, ಹುಡುಗಿಯರೆಲ್ಲ ಒಟ್ಟಿಗೆ "ಇಲ್ರಿ ಮೇಡಂ" ಎಂದರು. ಕೋಣೆಯ ಸ್ಪೀಕರು ಸುಮ್ಮನಿತ್ತು. ಮೇಡಂ ಪರದೆ ನೋಡಿದರು, ನಿಟ್ಟುಸಿರು ಬಿಟ್ಟರು, ತಿರುಗಿ ಹೊಸ ಲೆಕ್ಕ ಬರೆಯಲು ಹತ್ತಿದರು. ಆಗ ಬಂತು ಸ್ಪೀಕರಿನಿಂದ, ಸುಣ್ಣದ ಕಡ್ಡಿಯ ಕಿರಕಿರಿಯ ನಡುವೆ, ಸಣ್ಣಗೆ: "ಇಲ್ರಿ ಮೇಡಂ." ಅದು ಯಾವ ಪ್ರಶ್ನೆಗೆ ಉತ್ತರವೆಂದು ಯಾರಿಗೆ ಗೊತ್ತಾಗಬೇಕು? ಆ ಮಕ್ಕಳು ಇಷ್ಟು ದಿನವೂ ಉತ್ತರ ಕೊಡುತ್ತಲೇ ಇದ್ದರು.

ಇಲ್ಲಿ ನಿಮ್ಮನ್ನು ಸ್ವಲ್ಪ ಲ್ಯಾಬಿಗೆ ಕರೆದೊಯ್ಯಬೇಕು. ಹೆದರಬೇಡಿ, ಬೇಗ ಹೊರಗೆ ಬರೋಣ.

ಲೈನು ನಿಧಾನವೆಂದು ಮೊದಲೇ ದೂರು ಹೋಗಿತ್ತು. ಲೈನು ಹಾಕಿಕೊಟ್ಟವರು ಬಂದು ದೊಡ್ಡದೊಂದು ಫೈಲು ಕಳಿಸಿ ತೋರಿಸಿದ್ದರು. ಸ್ಪೀಡು ಭರ್ಜರಿ. ಮೇಲಾಗಿ ಕುರುಗೋಡಿನಲ್ಲಿ ಮಾಹಿತಿಯನ್ನು ಮುಂದಕ್ಕೆ ದಾಟಿಸುವ ಹಳೆಯ ಪೆಟ್ಟಿಗೆ ತೆಗೆದು, ಒಂದು ಪ್ಯಾಕೆಟ್ಟನ್ನೂ, ಅಂದರೆ ಮಾಹಿತಿಯ ಒಂದು ತುಣುಕನ್ನೂ, ಕೆಳಗೆ ಬಿಡದ ಹೊಸ ಪೆಟ್ಟಿಗೆ ಕೂರಿಸಿದ್ದರು. ಅವರ ಮಾತು ಸುಳ್ಳಾಗಿರಲಿಲ್ಲ. ಅವರೂ ಊರಿನವರ ಹಾಗೆ ಎಷ್ಟು ಹೋಯಿತು ಎಂದಷ್ಟೇ ನೋಡಿದ್ದರು. ಫೋಟೋ ಕಳಿಸುವ ಕಂಪ್ಯೂಟರಿಗೆ ದಾರಿ ಎಷ್ಟು ಅಗಲವಿದೆ ಎಂದು ತಿಳಿಯದು. ಅದು ಹೆಚ್ಚು ಹೆಚ್ಚು ತಳ್ಳುತ್ತ ಹೋಗುತ್ತದೆ, ಏನಾದರೂ ಕೆಳಗೆ ಬಿದ್ದಾಗ ಮಾತ್ರ ಹಿಂದೆ ಸರಿಯುತ್ತದೆ. ರೀನೋ ಎಂಬ ಹಳೆಯ ವಿಧಾನದ ಗುಣ ಇದು. ಹೊಸದಾಗಿ ಬಂದಿದ್ದ ಕ್ಯೂಬಿಕ್ ಇನ್ನೂ ಚುರುಕು, ಗುಣ ಅದೇ. ಹೊಸ ಪೆಟ್ಟಿಗೆ ಏನನ್ನೂ ಬೀಳಿಸುವುದಿಲ್ಲ, ಎಲ್ಲವನ್ನೂ ಸಾಲು ಹಚ್ಚಿ ನಿಲ್ಲಿಸುತ್ತದೆ. ಆ ಸಾಲಿನ ಕೊನೆಗೆ, ಲಾರಿಗಳ ಫೋಟೋಗಳ ಹಿಂದೆ, ಸಿರುಗುಪ್ಪದ ಹುಡುಗಿಯರ "ಇಲ್ರಿ" ನಿಂತಿತ್ತು.

ವೇಗಸ್ ಎಂಬ ಇನ್ನೊಂದು ವಿಧಾನವಿತ್ತು. ಹೆಸರಿಗೆ ವೇಗಸ್, ನಡೆಯಲ್ಲಿ ನಿಧಾನಸ್ಥ. ಕಳಿಸಿದ್ದು ಮುಟ್ಟಿತೆಂಬ ರಸೀತಿ ಬರುವುದು ತಡವಾಗತೊಡಗಿದರೆ ಸಾಕು, ಮುಂದೆ ಸಾಲು ಬೆಳೆಯುತ್ತಿದೆ ಎಂದು ತಿಳಿದು, ಏನೂ ಬೀಳುವ ಮೊದಲೇ ತಾನಾಗಿ ಕೈ ಬಿಗಿ ಹಿಡಿಯುತ್ತದೆ. ಲ್ಯಾಬಿನಲ್ಲಿ ಮೂರು ಹಳೆಯ ಕಂಪ್ಯೂಟರುಗಳನ್ನು ಜೋಡಿಸಿ, ನಡುವಿನದನ್ನು ಬೇಕೆಂದೇ ಇಕ್ಕಟ್ಟು ಮಾಡಿ, ಒಂದು ಕಡೆ ದೊಡ್ಡ ಫೈಲು ಹರಿಸುತ್ತ, ಜೊತೆಗೆ ಒಂದು ಚಿಕ್ಕ ಪ್ಯಾಕೆಟ್ಟು ಹೋಗಿ ಬರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದೆವು. ರೀನೋದ ವಿಳಂಬದ ಗೆರೆ ಗರಗಸದ ಹಲ್ಲಿನ ಹಾಗೆ ಮೇಲೇರಿ ಕುಸಿಯುತ್ತಿತ್ತು. ವೇಗಸ್‌ದು ಸಿರುಗುಪ್ಪದ ಗದ್ದೆಯ ಹಾಗೆ ಮಟ್ಟಸ. ಸಾಗಣೆ ತುಸು ಕಡಿಮೆ, ತಡ ಮಾತ್ರ ಇಲ್ಲವೇ ಇಲ್ಲ. ಆ ಗೆರೆಯನ್ನು ನಾನು ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಗೆರಿ ನೆಟ್ಟಗ ಬಂದೈತಿ," ಎಂದಳು. ಅಷ್ಟು ಹೊಗಳಿಕೆ ಸಾಕಾಗಿತ್ತು.

ಆದರೆ ಬದಲಿಸಬೇಕಾದದ್ದು ನಮ್ಮ ಕಂಪ್ಯೂಟರನ್ನಲ್ಲ, ಫೋಟೋ ಕಳಿಸುವವರದನ್ನು. ಅದಿರಿನವರಿಗೆ ಹೋಗಿ "ಸ್ವಲ್ಪ ಕಡಿಮೆ ಕಳಿಸಿ" ಎನ್ನಬೇಕು, ಅದೂ ಆ ಕಾಲದಲ್ಲಿ. ಇಬ್ಬರೂ ಈ ನೀಲಿ ಕೇಬಲ್ಲು, ಕಾಲೇಜಿನ ಲ್ಯಾಪ್‌ಟಾಪು ಹಿಡಿದು ಕುರುಗೋಡಿನ ಬಸ್ಸು ಹತ್ತಿದೆವು. ಇಳಿಯುವ ಹೊತ್ತಿಗೆ ನಮ್ಮ ದುಪಟ್ಟಾಗಳು ಒಂದೇ ಬಣ್ಣಕ್ಕೆ ಬಂದಿದ್ದವು.

ತೂಕದ ಕಟ್ಟೆಯ ಮ್ಯಾನೇಜರು ಎರ್ರಿಸ್ವಾಮಿ ಎಂಬವರು. ನಮಗೆ ನೀರು ಕೊಡಿಸಿ, ಪೂರ್ತಿ ಕೇಳಿ, ತಲೆಯಾಡಿಸಿದರು. "ಫೋಟೋ ನಿಧಾನ ಆದ್ರ ಸಾಹೇಬ್ರು ನನ್ನ ಬಿಡಂಗಿಲ್ರಿ. ಮೊದ್ಲೇ ಅವರ ಕಣ್ಣಿಗೆ ನಾ ಮಬ್ಬ ಆಗೀನಿ."

"ಯಾಕ್ರಿ?" ಎಂದಳು ಶಮಶಾದ್.

"ಗಾಂಧಿನಗರದಿಂದ ಇದ ಲೈನಿನ ಫೋನಿನಾಗ ಏನಾರ ಕೇಳ್ತಾರ. ನಾ ತಟ್ಟನ ಹೇಳ್ತೀನಿ. ಅವರು, ‘ಏಮಯ್ಯಾ, ನಿದ್ರಪೋತುನ್ನಾವಾ’ ಅಂತಾರ. ನಿದ್ದಿ ಮಾಡಾಕತ್ತೀಯೇನು ಅಂತ. ಹತ್ತು ಮಂದಿ ಮುಂದ ಹೇಳ್ಯಾರ್ರಿ ಹಂಗ."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಪಾಪ, ಅವರ ಉತ್ತರವೂ ಅದೇ ಸಾಲಿನಲ್ಲಿ, ತಮ್ಮದೇ ಫೋಟೋಗಳ ಹಿಂದೆ ನಿಂತಿತ್ತು. ಶಮಶಾದ್ ಇದನ್ನು ಬಿಡಿಸಿ ಹೇಳಿದಾಗ ಆ ಮನುಷ್ಯ ಕುರ್ಚಿಯನ್ನು ನಮ್ಮ ಕಡೆ ಎಳೆದುಕೊಂಡರು. ಆಮೇಲೆ, "ಅಂದ್ರ ನಾ ಮಬ್ಬ ಅಲ್ಲ," ಎಂದರು. "ಮಾಡ್ರಿ ತಂಗಿ. ಲಾರಿ ಬಂದರ ಮುಟ್ಟೂಕಿಂತ ಮೊದ್ಲ ಫೋಟೋ ಗಾಂಧಿನಗರ ಮುಟ್ಟಿದ್ರ ಸಾಕು."

ಬದಲಿಸಬೇಕಾದದ್ದು ಒಂದೇ ಸಾಲಿನ ಆಜ್ಞೆ. ಬದಲಿಸಿ ಅಳೆದರೆ ತಡ ಇದ್ದಷ್ಟೇ ಇತ್ತು, ಕೂದಲಷ್ಟೂ ಇಳಿದಿರಲಿಲ್ಲ. ನನಗೆ ಕಣ್ಣೀರು ಬರುವುದೊಂದು ಬಾಕಿ. ಶಮಶಾದ್ ಕೋಣೆಯಿಡೀ ಸುತ್ತಿ ಬಂದು, ಖಾಲಿ ಲಾರಿಗಳ ಫೋಟೋ ಕಳಿಸುವ ಎರಡನೆಯ ಕಂಪ್ಯೂಟರನ್ನು ಪತ್ತೆ ಮಾಡಿದಳು. ಅದು ಇನ್ನೂ ರೀನೋದಲ್ಲೇ ಇತ್ತು. ನಮ್ಮ ವೇಗಸ್ ಸೌಜನ್ಯದಿಂದ ಹಿಂದೆ ಸರಿದ ಜಾಗಕ್ಕೆಲ್ಲ ಅದು ನುಗ್ಗಿತ್ತು. "ಬಸ್ ಸ್ಟ್ಯಾಂಡಿನಾಗ ನೀ ಮಾಡೋದೂ ಇದ ಅಲ್ಲೇನಲೇ. ಬರ್ರಿ ಬರ್ರಿ ಅಂತ ಎಲ್ಲಾರನ್ನೂ ಹತ್ತಿಸಿ ಕೆಳಗ ನಿಂತಿರ್ತಿ," ಎಂದು ನನ್ನನ್ನು ಕಿಚಾಯಿಸುತ್ತಲೇ ಅದನ್ನೂ ಬದಲಿಸಿದಳು. ಲ್ಯಾಪ್‌ಟಾಪಿನ ಮೇಲೆ ಗರಗಸದ ಹಲ್ಲುಗಳು ಒಂದೊಂದಾಗಿ ಉದುರಿದವು. ಗೆರೆ ಕೆಳಗಿಳಿಯಿತು, ಇಳಿದು ಅಲ್ಲೇ ನಿಂತಿತು. ಎರ್ರಿಸ್ವಾಮಿಯವರು ಕೂಡಲೇ ಗಾಂಧಿನಗರಕ್ಕೆ ಫೋನು ಹಚ್ಚಿದರು, ಕೇಳಲೇನೂ ಇಲ್ಲದಿದ್ದರೂ.

ಮರುದಿನದ ಪಾಠಕ್ಕೆ ನಾವಿಬ್ಬರೂ ಬಳ್ಳಾರಿಯ ಕೋಣೆಯಲ್ಲಿ ಮೂಲೆಯ ಬೆಂಚು ಹಿಡಿದೆವು. ಮೇಡಂಗೆ ಹೇಳಿದ್ದೆವು, ಅವರು ನಂಬಿದ ಹಾಗೆ ಕಾಣಲಿಲ್ಲ. ಲೆಕ್ಕ ಮುಗಿಯಿತು. "ತಿಳೀತೇನ್ರಮ್ಮಾ?"

"ಇಲ್ರಿ ಮೇಡಂ."

ಅವರ ಪ್ರಶ್ನೆಯ ದನಿ ಇನ್ನೂ ಕೋಣೆಯಲ್ಲಿರುವಾಗಲೇ ಬಂತು. ಮೇಡಂ ಕೈಯ ಸುಣ್ಣದ ಕಡ್ಡಿ ಅಲ್ಲೇ ನಿಂತಿತು. ಪರದೆಯ ಕಡೆ ಪೂರ್ತಿ ತಿರುಗಿದರು. "ಎಲ್ಲಿಂದ ತಿಳಿಲಿಲ್ಲ?"

"ಮೊದಲ್ನಿಂದ್ರಿ," ಎಂದಿತು ಒಂದು ದನಿ. ನಾಜನೀನಳದು. ಅಲ್ಲಿ ಹುಡುಗಿಯರು ನಕ್ಕರು. ಆ ನಗುವೂ ಹೊತ್ತಿಗೆ ಸರಿಯಾಗಿ ಬಂತು.

ಸರೋಜಮ್ಮ ಮೇಡಂ ಹಲಗೆ ಪೂರ್ತಿ ಒರೆಸಿದರು. "ಇಷ್ಟು ದಿನ ಹೇಳಿದ್ರೇನ್ರೇ ನೀವು?" ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾದು, "ಹೌದ್ರಿ" ಎಂಬುದನ್ನು ಕೇಳಿಸಿಕೊಂಡೇ ಮೊದಲನೆಯ ಪಾಠದಿಂದ ಶುರು ಮಾಡಿದರು. ಶಮಶಾದ್ ನನ್ನ ಕೈ ಹಿಡಿದದ್ದು ಬಿಡಲಿಲ್ಲ. ತಮಗೆ ತಿಳಿದಿಲ್ಲ ಎಂದು ಮಕ್ಕಳು ಹೇಳಿದ್ದಕ್ಕೆ ಅಷ್ಟು ಸಂತೋಷಪಟ್ಟವರು ಬಳ್ಳಾರಿಯಲ್ಲಿ ಅವತ್ತು ನಾವಿಬ್ಬರೇ ಇರಬೇಕು. ಆಮೇಲೆ ನನಗೆ ಒಂದೆರಡು ಶಾಲು, ಒಂದು ಫಲಕ ಬಂದಿವೆ. ಯಾವುದನ್ನೂ ಆ "ಇಲ್ರಿ"ಯ ಪಕ್ಕ ಇಡಲಾರೆ. ಹೆಮ್ಮೆ ಎಂದರೆ ಏನೆಂದು ನನಗೆ ಗೊತ್ತಾದದ್ದು ಆ ಬೆಂಚಿನ ಮೇಲೆ.

ಪಾಠ ನಿಲ್ಲಲಿಲ್ಲ. ನಾಜನೀನ್ ಈಗ ಸಿರುಗುಪ್ಪದಲ್ಲೇ ಗಣಿತ ಹೇಳುತ್ತಾಳೆ; ಅಲ್ಲಿಗೆ ಇನ್ನು ಬಳ್ಳಾರಿಯಿಂದ ಯಾರೂ ಪಾಠ ಕಳಿಸಬೇಕಾಗಿಲ್ಲ. ಲಾರಿಗಳ ಭರಾಟೆ ಇಳಿಯಿತು. ಕಂಬ ಇದೆಯೋ ಇಲ್ಲವೋ ತಿಳಿಯದು. ಈ ಕತೆಯನ್ನು ನಾನು ಊಟದ ಹೊತ್ತಿನಲ್ಲಿ ಮಗಳಿಗೆ ಎಷ್ಟು ಸಲ ಹೇಳಿದ್ದೇನೋ. ಅವಳು ತಟ್ಟೆ ನೋಡುತ್ತ ಉಣ್ಣುವಳು, ಹ್ಞೂಂ ಅನ್ನುವುದೂ ಇಲ್ಲ. ನಾನೂ ಗೋಡೆಗೆ ಹೇಳಿದಂತೆ ಆಯಿತೆಂದು ಎಷ್ಟೋ ದಿನದಿಂದ ಹೇಳುವುದನ್ನೇ ಬಿಟ್ಟಿದ್ದೆ.

ಇಷ್ಟೆಲ್ಲ ನೆನೆಯುತ್ತ ಕೇಬಲ್ಲನ್ನು ಕಸದ ಚೀಲದ ಮೇಲೆ ಹಿಡಿದಿದ್ದೆ. ಕಿಟಕಿಯ ಕಡೆಯಿಂದ ದನಿ ಬಂತು.

"ಎಸೀಬ್ಯಾಡಮ್ಮ."

ತಿರುಗಿದೆ. ಒಂದು ಕಿವಿಯ ಇಯರ್‌ಫೋನು ತೆಗೆದಿದ್ದಳು.

"ಶಮಶಾದ್ ಆಂಟಿನೂ ನೀನೂ ಕುರುಗೋಡಿಗೆ ಒಯ್ದಿದ್ದು ಇದ ಅಲ್ಲೇನು? ಎರಡನೇ ಕಂಪ್ಯೂಟರ್ ಸಿಗೂತನಕ ನಿನಗ ಅಳು ಬರಾಕತ್ತಿತ್ತು. ನನಗ ಇರಲಿ, ಕೊಡು."

ಕೊಟ್ಟೆ. ನಾನು ಒರೆಸಿದ್ದು ಅರ್ಧ ಮಾತ್ರ. ಉಳಿದರ್ಧದ ಕೆಂಪು ಅವಳ ಬೆರಳುಗಳಿಗೆ ಹತ್ತಿತು.