ನಾದಿನಿಯ ವೋಟು

ನನ್ನ ನಾದಿನಿಗೆ ಸಣ್ಣಾಕಿದ್ದಾಗ ಮೈಲಿಬ್ಯಾನಿ ಬಂದು ಎರಡೂ ಕಣ್ಣು ಹೋಗಿದ್ದವು. ನಾನು ಹಾವೇರಿಯಿಂದ ಸೊಸೆಯಾಗಿ ಬ್ಯಾಡಗಿಗೆ ಬಂದಾಗ ಆಕೆ ಪಡಸಾಲೆಯಲ್ಲಿ ಕೂತು, ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ರೇಡಿಯೋ ವಾರ್ತೆ ಕೇಳುತ್ತಿದ್ದಳು. ಯಾವ ಮಂತ್ರಿ ಎಲ್ಲಿ ಏನಂದ ಎಂಬುದು ಮನೆಯಲ್ಲಿ ಆಕೆಗೇ ಮೊದಲು ಗೊತ್ತು. ಯಾರ ಮಾತು ಖರೇ, ಯಾರದು ಬರೇ ಬಡಾಯಿ ಎಂಬ ತೀರ್ಮಾನವೂ ಆಕೆಯದೇ.

ಇಷ್ಟಿದ್ದರೂ ಚುನಾವಣೆ ಬಂದರೆ ಆಕೆಯ ವೋಟು ಭಾವನವರ ಕೈಯಲ್ಲಿ. ಭಾವ, ಅಂದರೆ ನನ್ನ ಯಜಮಾನರ ಅಣ್ಣ, ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುವವರು. ಯಾವ ಪಕ್ಷದವರು ಬಂದರೂ ಚಹಾ ಕುಡಿಸಿ, ನಮ್ಮ ಮನಿ ವೋಟು ನಿಮಗರೀ ಎಂದು ಕಳಿಸುವ ಸ್ವಭಾವ. ‘ತಂಗಿದು ವೋಟು ಹಾಕಿಸಿಕೊಂಡ ಬರ್ತೇನಿ’ ಎಂದು ಆಕೆಯನ್ನು ಕರೆದೊಯ್ದು ಮತಪತ್ರದ ಮೇಲೆ ತಾವೇ ಶಿಕ್ಕಾ ಒತ್ತಿ ಬರುತ್ತಿದ್ದರು. ಯಾರಿಗೆ ಎಂದು ಆಕೆ ಕೇಳಿದರೆ, ಛಲೋ ಮಂದಿಗೇ ಹಾಕೇನಿ ಬಿಡವಾ ಅನ್ನುವರು. ಪ್ರೀತಿ ಇರಲಿಲ್ಲ ಎನ್ನಲಾರೆ. ಹಬ್ಬದ ಸೀರೆಯನ್ನೂ ಹಾಗೇ ತಾವೇ ಆರಿಸಿ ತರುತ್ತಿದ್ದರು. ಆದರೆ ಚುನಾವಣೆಯಲ್ಲಿ ಆಕೆಯ ಪಾಲಿಗೆ ಬರುತ್ತಿದ್ದುದು ಬೆರಳಿನ ಶಾಯಿ ಮಾತ್ರ.

ತೊಂಬತ್ತರ ದಶಕದ ಒಂದು ಚುನಾವಣೆ. ಮನೆ ಬಿಡುವ ಮುನ್ನ ಆಕೆ ನನ್ನ ಸೆರಗು ಜಗ್ಗಿ, ಈ ಸಲ ತನ್ನ ಮನಸ್ಸಿನಲ್ಲಿ ಒಬ್ಬರಿದ್ದಾರೆ ಎಂದಳು. ಅಣ್ಣನ ಮುಂದೆ ಹೇಳಲು ಆಕೆಗೆ ಧೈರ್ಯ ಸಾಲದು. ನನಗೂ ಸಾಲದು.

ಮತಗಟ್ಟೆಯಲ್ಲಿ ರಾಣೇಬೆನ್ನೂರ ಕಡೆಯ ಮಾಸ್ತರರೊಬ್ಬರು ಅಧಿಕಾರಿಯಾಗಿದ್ದರು. ಭಾವ ರೂಢಿಯಂತೆ ತಂಗಿಯ ಕೈ ಹಿಡಿದು ಮುಂದಾದರು. ಜೊತೆಗೆ ಯಾರನ್ನು ಕರೆದೊಯ್ಯುತ್ತೀರಿ ಎಂದು ಮಾಸ್ತರರು ಕೇಳಿದರು.

‘ನಾನ ಹೋಗ್ತೇನ್ರಿ’ ಎಂದರು ಭಾವ.

‘ನಿಮ್ಮನ್ನಲ್ಲರೀ, ಅಕ್ಕಾರನ್ನ ಕೇಳಾಕತ್ತೇನಿ. ಯಾರು ಬರಬೇಕನ್ನೋದು ಅವರ ಹಕ್ಕು.’

ನಾದಿನಿ ಮೆಲ್ಲಗೆ ಕೈ ಬಿಡಿಸಿಕೊಂಡಳು. ‘ವೈನಿ ಬರಲ್ರೀ’ ಎಂದು ಹಿಂದೆ ನಿಂತಿದ್ದ ನನ್ನತ್ತ ಕೈ ಚಾಚಿದಳು.

ಆಕೆ ಹೇಳಿದಲ್ಲೇ ಒತ್ತುತ್ತೇನೆ, ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಮಾಸ್ತರರು ನನ್ನಿಂದ ಮಾತು ತೆಗೆದುಕೊಂಡು ಸಹಿ ಮಾಡಿಸಿದರು. ರಟ್ಟಿನ ಮರೆಯಲ್ಲಿ ನಿಂತು, ಯಾರಿಗೆ ಎಂದು ಪಿಸುಗುಟ್ಟಿದೆ. ಮೊದಲು ಎಲ್ಲಾ ಹೆಸರು ಓದಿ ಎಂದಳು, ಚಿಹ್ನೆ ಸಮೇತ. ಯಾರೂ ಕೇಳಿರದ ಪಕ್ಷೇತರರನ್ನೂ ಬಿಡದೆ ಆಕೆಯ ಕಿವಿಯಲ್ಲಿ ಓದಿದೆ. ಆಮೇಲೆ ಒಂದು ಹೆಸರು ಹೇಳಿದಳು. ಶಿಕ್ಕಾ ಹಿಡಿದ ನನ್ನ ಕೈಮೇಲೆ ತನ್ನ ಕೈಯಿಟ್ಟು ತಾನೇ ಒತ್ತಿದಳು, ಹಪ್ಪಳದ ಉಂಡೆ ಒತ್ತಿದಷ್ಟು ಜೋರಾಗಿ.

ದಾರಿಯಲ್ಲಿ ಓಣಿಯ ಹೆಣ್ಣುಮಕ್ಕಳು ಮಾತಾಡಿಸಿದರೆ ‘ವೋಟು ಹಾಕಿ ಬಂದೆ’ ಎಂದಳು. ಹಾಕಿಸಿಕೊಂಡು ಬಂದೆ ಎನ್ನಲಿಲ್ಲ.

ಆ ಮಾಸ್ತರರ ಹೆಸರು ನನಗೆ ಗೊತ್ತಿಲ್ಲ. ಕಾಯ್ದೆ ಮೊದಲಿನಿಂದಲೂ ಇತ್ತಂತೆ. ಆಕೆಯ ಕಡೆ ತಿರುಗಿ ಆಕೆಯನ್ನೇ ಕೇಳಿದವರು ಮಾತ್ರ ಅವರೊಬ್ಬರು. ಪುಣ್ಯಾತ್ಮರು, ಎಲ್ಲಿದ್ದರೂ ಚೆನ್ನಾಗಿರಲಿ.

ಅವತ್ತು ಊಟಕ್ಕೆ ಕೂತಾಗ, ತಂಗಿಯ ವೋಟು ಯಾರಿಗೆ ಬಿತ್ತು ಎಂದು ಭಾವ ಮೊದಲು ನನ್ನನ್ನು ಕೇಳಿದರು. ಚರ್ಚಿನ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ ಹೇಳುವುದಿಲ್ಲ ಎಂದು ನಾನು ಕಲಿತ ಕಾನ್ವೆಂಟಿನ ಸಿಸ್ಟರ್ ಹೇಳಿದ್ದು ನೆನಪಾಗಿ, ಅವರಿಗೆ ಇನ್ನಷ್ಟು ಸಾರು ಬಡಿಸಿದೆ. ಆಮೇಲೆ ತಂಗಿಯನ್ನೇ ಕೇಳಿದರು.

‘ನೀ ಯಾರಿಗೆ ಹಾಕಿದಿ, ಅದನ್ನ ಮೊದಲ ಹೇಳಣ್ಣಾ.’

ಎಲ್ಲ ಪಕ್ಷಕ್ಕೂ ಮಾತು ಕೊಟ್ಟಿದ್ದ ಭಾವ, ‘ಅದನ್ನ ಯಾರರ ಹೇಳ್ತಾರೇನು?’ ಎಂದರು. ಅಂದಮೇಲೆ ತಾವೇ ನಕ್ಕುಬಿಟ್ಟರು.