ಹೆಚ್ಚಾದದ್ದನ್ನೂ ಹುಡುಕುವ ಸುರೇಖಾ

ಬೆಳಗಿನ ಐದು ಗಂಟೆ. ಬಾಗಲಕೋಟೆ ತಾಲ್ಲೂಕಿನ ಶಿರೂರಿನ ಓಣಿಯಲ್ಲಿ ನಲ್ಲಿಗೆ ನೀರು ಬಂದಿದೆ, ಕೊಡಗಳ ಸದ್ದು ಕೇಳುತ್ತಿದೆ. ಸುರೇಖಾ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಮಡಿಸಿದ ಕಂಬಳಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದಾರೆ. ಪರದೆಯ ಮೇಲೆ ಅಂಕುಡೊಂಕಾದ ಒಂದು ಗೆರೆ. ಅದನ್ನು ದಿಟ್ಟಿಸುತ್ತಾರೆ, ಹಿಗ್ಗಿಸಿ ನೋಡುತ್ತಾರೆ, ತಮ್ಮ ಓದು ಎಷ್ಟು ಖಚಿತ ಎಂಬುದಕ್ಕೆ ಒಂದರಿಂದ ಐದರೊಳಗಿನ ಒಂದು ಅಂಕಿ ಒತ್ತುತ್ತಾರೆ. ಮತ್ತೊಂದು ಗೆರೆ ಬರುತ್ತದೆ. ಆರೂವರೆಗೆ ಕರೆಂಟು ಹೋಗುತ್ತದೆ, ಬ್ಯಾಟರಿ ಹದಿನೈದು ನಿಮಿಷವೂ ತಡೆಯುವುದಿಲ್ಲ. ಅಷ್ಟರೊಳಗೆ ಅರವತ್ತು ಗೆರೆ ಮುಗಿಯಬೇಕು. ಸಂಜೆ ಇನ್ನೂ ಅರವತ್ತು.

ಒಂದೊಂದು ಗೆರೆಯೂ ಒಂದೊಂದು ಗೆಲಾಕ್ಸಿಯ ಬೆಳಕು. ಅಂದರೆ ಕೋಟಿಗಟ್ಟಲೆ ನಕ್ಷತ್ರಗಳ ಒಂದು ಸಮೂಹದ್ದು. ಆ ಬೆಳಕು ಕೆಂಪಿನ ಕಡೆಗೆ ಎಷ್ಟು ಸರಿದಿದೆ ಎಂಬುದರಿಂದ ಗೆಲಾಕ್ಸಿಯ ದೂರ ತಿಳಿಯುತ್ತದೆ. ವಿಶ್ವ ಹಿಗ್ಗುತ್ತಿರುವ ವೇಗವೇ ಹೆಚ್ಚುತ್ತಿದೆ ಎಂದು ಗೊತ್ತಾಗಿ ಹತ್ತು ವರ್ಷವಾಯಿತು. ಆ ವೇಗವನ್ನು ಹೆಚ್ಚಿಸುತ್ತಿರುವುದು ಏನೆಂದು ಯಾರಿಗೂ ಗೊತ್ತಿಲ್ಲ. ಹೆಸರು ಮಾತ್ರ ಇಟ್ಟಿದ್ದಾರೆ, ಡಾರ್ಕ್ ಎನರ್ಜಿ ಎಂದು. ಅದರ ಸುಳಿವು ಹಿಡಿಯಲು ಲಕ್ಷಗಟ್ಟಲೆ ಗೆಲಾಕ್ಸಿಗಳ ದೂರ ಬೇಕು. ಬಹಳಷ್ಟನ್ನು ಕಂಪ್ಯೂಟರೇ ಓದುತ್ತದೆ. ಅದಕ್ಕೆ ಓದಲು ಬಾರದವು ಸುರೇಖಾರಂಥವರ ಕಣ್ಣಿಗೆ ಬೀಳುತ್ತವೆ.

ತಂದೆ ಮುದಕಪ್ಪ ಕುರಿಗಾರರು. ವರ್ಷದ ಎಂಟು ತಿಂಗಳು ಹಿಂಡಿನ ಜೊತೆ ಊರೂರು ಸುತ್ತುತ್ತಿದ್ದ ಕಾಲದಲ್ಲಿ ತಾಯಿ ಬೋರವ್ವ ಮನೆ ಹಿಡಿದು ಮಗಳನ್ನು ಓದಿಸಿದರು. ಹತ್ತನೆಯವರೆಗೆ ಊರಿನ ಕನ್ನಡ ಶಾಲೆ, ಆಮೇಲೆ ದಿನಾ ಬಸ್ಸು ಹತ್ತಿ ಬಾಗಲಕೋಟೆಯ ಕಾಲೇಜು. ಮೊದಲ ವರ್ಷ ಪಾಠದ ಇಂಗ್ಲಿಷು ತಲೆಗೆ ಹತ್ತದೆ ಭೌತಶಾಸ್ತ್ರದಲ್ಲೇ ಫೇಲಾದರು. ಮೌಸ್ ಮುಟ್ಟಿದ್ದು ಧಾರವಾಡದಲ್ಲಿ ಎಂ.ಎಸ್ಸಿ.ಗೆ ಸೇರಿದ ಮೇಲೆ. ಪಿಎಚ್.ಡಿ. ಮುಗಿಸಿ, 2006ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ಎರಡು ವರ್ಷದ ಕರಾರಿನ ಸಂಶೋಧನೆಗೆ ಸೇರಿದರು. ಪ್ರಬಂಧ ಪ್ರಕಟವಾದರೆ ಮಾತ್ರ ಮತ್ತೊಂದು ವರ್ಷ ಎಂಬುದು ಕರಾರು.

ತಂಡದ ಪ್ರಬಂಧವನ್ನು ವಿಜ್ಞಾನ ಪತ್ರಿಕೆಗೆ ಕಳಿಸಲು ಎರಡು ವಾರವಿತ್ತು. ಕಳೆದ ಜನವರಿಯ ಮಾತು. ದೂರಗಳ ಪಟ್ಟಿ ನೋಡುತ್ತಿದ್ದ ಸುರೇಖಾರ ಕಣ್ಣಿಗೆ ಒಂದೇ ದೂರದಲ್ಲಿ ಗೆಲಾಕ್ಸಿಗಳು ಇರಬೇಕಾದ್ದಕ್ಕಿಂತ ಹೆಚ್ಚಿರುವುದು ಬಿತ್ತು. ಇನ್ನೂರ ಹನ್ನೆರಡು. ಅಷ್ಟೂ ಅವರೇ ಗುರುತು ಹಾಕಿದವು. ನಮ್ಮ ಗಾಳಿಗೂ ತನ್ನದೇ ಒಂದು ಮಸುಕು ಹಸಿರು ಬೆಳಕಿದೆ, ಅದು ಎಲ್ಲ ಗೆರೆಗಳಲ್ಲೂ ಬೆರೆಯುತ್ತದೆ. ಅದನ್ನು ತೆಗೆದ ಮೇಲೂ ಉಳಿದ ಕಲೆಯನ್ನು ಕೆಲಸಕ್ಕೆ ಹೊಸಬರಾಗಿದ್ದಾಗ ಅವರು ಗೆಲಾಕ್ಸಿಯದೆಂದೇ ಓದಿದ್ದರು. ತಂಡದ ನಲವತ್ತು ಜನರಲ್ಲಿ ಬೇರೆ ಯಾರೂ ಗಮನಿಸಿರಲಿಲ್ಲ. ಹೇಳಿದರೆ ಪ್ರಬಂಧ ನಿಲ್ಲುತ್ತದೆ, ಜೊತೆಗೆ ತಮ್ಮ ಕೆಲಸವೂ ಹೋಗುತ್ತದೆ.

ಅವತ್ತು ಸಂಜೆ ಮನೆಗೆ ಫೋನ್ ಮಾಡಿದರು. ಲೆಕ್ಕದಲ್ಲಿ ಹೆಚ್ಚಾಗಿದೆ ಎಂದಷ್ಟೇ ಹೇಳಿದರಂತೆ. ಮುದಕಪ್ಪನವರಿಗೆ ನೆನಪಾಗಿದ್ದು ಪಟ್ಟದಕಲ್ಲಿನ ಹೊಳೆ ದಂಡೆ. ಹಿಂದೊಮ್ಮೆ ಅಲ್ಲಿ ನೀರು ಕುಡಿಸುವಾಗ ಎರಡು ಹಿಂಡು ಬೆರೆತು, ಸಂಜೆ ಎಣಿಸಿದರೆ ಇವರ ಹಿಂಡಿನಲ್ಲಿ ಒಂದು ಕುರಿ ಹೆಚ್ಚು. ಅದನ್ನು ಅದರ ಒಡೆಯರಿಗೆ ಮುಟ್ಟಿಸಿ ಬರುವುದರಲ್ಲಿ ಒಂದು ದಿನ ಹೋಯಿತು. ಗೊಬ್ಬರಕ್ಕೆಂದು ದುಡ್ಡು ಕೊಟ್ಟು ಹಿಂಡು ನಿಲ್ಲಿಸಿಕೊಳ್ಳಲು ರೈತರು ಒಪ್ಪಿದ್ದ ಹೊಲ ಬೇರೆ ಕುರಿಗಾರರ ಪಾಲಾಯಿತು.

"ಕಡಿಮಿ ಆದ್ರ ಎಲ್ಲಾರೂ ಹುಡುಕ್ತಾರವಾ," ಎಂದರಂತೆ ಅವರು. "ಹೆಚ್ಚಾದ್ರೂ ಹುಡುಕಬೇಕ. ಹೆಚ್ಚಾದದ್ದು ಮಂದೀದು ಇರ್ತೈತಿ."

ಮರುದಿನ ಸುರೇಖಾ ಇಡೀ ತಂಡಕ್ಕೆ ಬರೆದರು. ಪ್ರಬಂಧ ನಿಂತಿತು. ಮಾರ್ಚ್ ಕೊನೆಗೆ ಕರಾರೂ ಮುಗಿಯಿತು. ಹೊಸಬರಾಗಿದ್ದ ದಿನಗಳಲ್ಲಿ ತಾವು ಗುರುತು ಹಾಕಿದ ಒಂಬತ್ತು ಸಾವಿರದ ನಾನೂರು ಗೆರೆಗಳನ್ನೂ ಮತ್ತೆ ನೋಡಿಕೊಡುತ್ತೇನೆಂದು ಒಪ್ಪಿಕೊಂಡು, ಸಿ.ಡಿ.ಗಳನ್ನು ಚೀಲದಲ್ಲಿಟ್ಟುಕೊಂಡು ಊರಿಗೆ ಬಂದಿದ್ದಾರೆ. ಈಗ ಸಂಬಳವಿಲ್ಲ. ಏಳು ಸಾವಿರ ದಾಟಿದೆ, ಇನ್ನು ಇಪ್ಪತ್ತು ದಿನದ ಕೆಲಸ.

"ಖರೆ ಹೇಳಿ ನೌಕರಿ ಕಳಕೊಂಡಾಳ, ಅವರಪ್ಪನ ಮಗಳಾ," ಎಂದು ಬೋರವ್ವ ಚಹಾದ ಕಪ್ಪು ಇಡುತ್ತಾರೆ. ಆಮೇಲೆ ತಾವೇ ಹೋಗಿ, ಬೆಳಕಿಗೆ ಪರದೆ ಮಸುಕಾಗದಂತೆ ಬಾಗಿಲಿಗೆ ಸೀರೆ ಕಟ್ಟುತ್ತಾರೆ.

ನೋಡಿ ಮುಗಿಸಿದ್ದನ್ನು ತಂಡಕ್ಕೆ ಕಳಿಸಲು ವಾರಕ್ಕೆರಡು ಸಲ ಸುರೇಖಾ ಬಾಗಲಕೋಟೆಗೆ ಹೋಗುತ್ತಾರೆ. ಬಸ್ ನಿಲ್ದಾಣದ ಹತ್ತಿರ ನೆಟ್ ಸೆಂಟರ್ ನಡೆಸುವ ಲಾಡಬಿ, ಲೈನು ಖಾಲಿ ಇರುವಾಗಲೇ ಕಳಿಸಲಿ ಎಂದು ಇವರಿಗಾಗಿ ಎಂಟಕ್ಕೇ ಬಾಗಿಲು ತೆಗೆಯುತ್ತಾರೆ. "ಏನವಾ, ಇವತ್ತ ಎಷ್ಟು ಚುಕ್ಕಿ ಒಯ್ದು ಬಿಡಾಕ ಬಂದಿ?" ಎಂದು ನಗುತ್ತಾರೆ.

ಇನ್ನೂರ ಹನ್ನೆರಡರಲ್ಲಿ ನಿಜವಾಗಿಯೂ ಅದೇ ದೂರದವು ಮೂವತ್ತೊಂದು. ಉಳಿದವು ಪಟ್ಟಿಯಿಂದ ಹೊರಗೆ. ಈ ನಡುವೆ ಬೆಂಗಳೂರಿನ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದಾರೆ. ಅರ್ಜಿಯ ಮೊದಲ ಪುಟದಲ್ಲೇ ಈ ತಪ್ಪಿನ ವಿಷಯ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಎಂದು ಕೇಳಿದರೆ, ನೋಡುತ್ತಿದ್ದ ಗೆರೆಗೆ ಅಂಕಿ ಒತ್ತಿ ಈ ಕಡೆ ತಿರುಗುತ್ತಾರೆ.

"ಬಂದ್ರ ಚೊಲೊ ಆಗ್ತೈತ್ರಿ. ಆದ್ರ ಅವತ್ತ ಪತ್ರಾ ಹಾಕಿದ ಮ್ಯಾಲ ಮಂದಿ ಬೈತಾರ ಅಂತ ಕುಂತಿದ್ನಿ. ನಲವತ್ತು ಮಂದ್ಯಾಗ ಒಬ್ಬರೂ ಬೈಲಿಲ್ಲ. 'ನೀ ಮುಗಸು, ನಾವು ಕಾಯ್ತೇವಿ' ಅಂದ್ರು. ಅವರ ಪ್ರಬಂಧಾನೂ ನಿಂತೈತಲ್ರಿ," ಎನ್ನುತ್ತ ಮುಂದಿನ ಗೆರೆ ತೆರೆಯುತ್ತಾರೆ. "ಅಷ್ಟು ಮಂದಿ ನನ್ನ ಕಣ್ಣು ನಂಬಿ ಕುಂತಾರ. ಇದಕ್ಕಿಂತ ದೊಡ್ಡ ನೌಕರಿ ಯಾವುದ್ರಿ?"