ಜಮಾಲ್ ಸಾಬರ ಗೇಟಿನ ತೊಟ್ಟಿ

ಅಜ್ಜಂಪುರದ ಜಮಾಲ್ ಸಾಬರ ಮೊಟ್ಟೆಕೋಳಿ ಫಾರಂಗೆ ಯಾರೇ ಬರಲಿ, ಗೇಟಿನ ಬಳಿಯ ಔಷಧಿ ನೀರಿನ ತೊಟ್ಟಿಯಲ್ಲಿ ಕಾಲದ್ದಿಯೇ ಒಳಗೆ ಹೋಗಬೇಕು. ಮದುವೆಯ ಹೊಸ ಬೂಟು ಮೆಟ್ಟಿ ಬಂದ ಅಳಿಯನನ್ನೂ ಅವರು ಬಿಡಲಿಲ್ಲ, “ರೋಗ ನೆಂಟಸ್ತಿಕೆ ನೋಡ್ಕಂಡು ಬತ್ತದೇನ್ರೀ?” ಎಂದು ನಕ್ಕವರಿಗೆಲ್ಲ ಸಮಜಾಯಿಷಿ ಕೊಟ್ಟರು. ಒಂದು ಕೋಳಿ ತೂಕಡಿಸಿದರೂ ಸಾಬರಿಗೆ ಊಟ ಸೇರುವುದಿಲ್ಲ. ಲಸಿಕೆ ಹಾಕುವ ದಿನವಂತೂ ಮನೆಯಲ್ಲಿ ಹಬ್ಬದ ಗಡಿಬಿಡಿ. “ಮೊಟ್ಟೇಲಿ ಬಂದಿದ್ದೆಲ್ಲ ಮದ್ದಿಗೇ ಸುರೀತೀರಲ್ಲ ಸಾಬ್ರೇ” ಎಂದು ಪಕ್ಕದ ಫಾರಂನ ಚನ್ನಬಸಪ್ಪ ಛೇಡಿಸಿದರೆ, “ಸತ್ ಕೋಳಿ ಮೊಟ್ಟೆ ಇಡಲ್ಲ ಕಣಪ್ಪಾ” ಎನ್ನುವುದು ಸಾಬರ ಸಿದ್ಧ ಉತ್ತರ. ಈ ಬೇಸಿಗೆಯಲ್ಲಿ ಕೋಳಿಗಳಿಗೆ ಕೊಕ್ಕರೆ ರೋಗ ಬಡಿದು ಚನ್ನಬಸಪ್ಪನ ಶೆಡ್ಡು ಪೂರಾ ಖಾಲಿಯಾಯಿತು. ರೋಗ ಅಂಟೀತೆಂದು ಕೋಳಿ ಸಾಕುವವರಾರೂ ಅತ್ತ ತಲೆ ಹಾಕಲಿಲ್ಲ. ಅಲ್ಲಿಗೆ ಹೋದವರು ವಾರಗಟ್ಟಲೆ ತಮ್ಮ ಕೋಳಿಗಳ ಹತ್ತಿರ ಸುಳಿಯಬಾರದೆಂಬುದು ಸಾಬರದೇ ಕಾನೂನು. ಆ ಸಾಬರೇ ತಮ್ಮ ಶೆಡ್ಡಿನ ಬೀಗದ ಕೈಯನ್ನು ಹೆಂಡತಿ ಕುಬ್ರಾಳಿಗೆ ಒಪ್ಪಿಸಿ, ಗುದ್ದಲಿ ಹೆಗಲಿಗೇರಿಸಿ ಚನ್ನಬಸಪ್ಪನ ಫಾರಂಗೆ ಹೊರಟರು. ಸತ್ತ ಕೋಳಿಗಳನ್ನು ಗುಂಡಿಗೆ ಹಾಕಿ ಸುಣ್ಣ ಸುರಿಯುವಾಗ ಚನ್ನಬಸಪ್ಪ ಗಾಬರಿಯಿಂದ, “ನಿಮ್ ಕೋಳಿ ಬಿಟ್ಟು ಇಲ್ಲಿಗ್ಯಾಕ್ ಬಂದ್ರಿ ಸಾಬ್ರೇ?” ಎಂದ. ಸಾಬರು ತಲೆಯೆತ್ತಲಿಲ್ಲ. “ಕೋಳಿ ನೋಡಕ್ಕೆ ಕುಬ್ರಾ ಅವ್ಳೆ ಕಣಪ್ಪಾ. ನಿನ್ನ ನೋಡಕ್ಕೆ ಯಾರವ್ರೆ?”